ಗಂಡನಿಗೆ ಟ್ರೈನಿಂಗ್, ಹೆಂಡತಿಗೆ?

ನನ್ನ ತಂಗಿ ಮದುವೆಯಾಗಿ ಟೋಕಿಯೊಗೆ ಹೊರಟಾಗ ಕೆರೆಬಿಳಚಿಯ ನಮ್ಮ ಮನೆಯಲ್ಲಿ ಸೂಟ್‌ಕೇಸ್ ತುಂಬಿಸುವುದೇ ದೊಡ್ಡ ಕೆಲಸವಾಗಿತ್ತು. ಚಟ್ನಿಪುಡಿ, ಹಪ್ಪಳ, ಕುಕ್ಕರ್, ಮಿಕ್ಸಿ... ಅಮ್ಮ ಒಂದನ್ನೂ ಮರೆಯಲಿಲ್ಲ. ಆ ಊರಿನ ರೀತಿ-ರಿವಾಜು ಹೇಗೆ ಅಂತ ಮಾತ್ರ ಯಾರೂ ಕೇಳಲಿಲ್ಲ. ತಂಗಿಯ ಗಂಡನಿಗೆ ಆಫೀಸಿನಲ್ಲಿ ಎರಡು ದಿನ ಟ್ರೈನಿಂಗ್ ಆಗಿತ್ತಲ್ಲ, ಅಷ್ಟು ಸಾಕು ಅಂದುಕೊಂಡೆವು. ಹೇಗೆ ಬಾಗಿ ವಂದಿಸಬೇಕು, ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ಹೇಗೆ ಕೊಡಬೇಕು, ಎಲ್ಲ ಹೇಳಿಕೊಟ್ಟಿದ್ದರಂತೆ.

ಎರಡು ವರ್ಷದ ನಂತರ ಅವಳ ಬಾಣಂತನಕ್ಕೆ ಅಂತ ನಾನು ಹೋದೆ. ಅಮ್ಮನಿಗೆ ಮಂಡಿನೋವು, ಅಷ್ಟು ದೂರ ಕೂರಲಾಗದು. ಅಲ್ಲಿ ನೋಡಿದರೆ ನಮ್ಮ ಮನೆಯ ಮಾತಿನ ಮಲ್ಲಿ ಮೂಗಿಯಾಗಿದ್ದಳು! ಕಸ ಹಾಕಲು ಹೋಗುವುದಕ್ಕೂ ಹೆದರಿಕೆ. ಎದುರು ಮನೆಯವರು ಬಾಗಿಲು ತೆಗೆದ ಸದ್ದಾದರೆ ಇವಳು ಒಳಗೇ ನಿಲ್ಲುತ್ತಿದ್ದಳು.

ಕೇಳಿದರೆ ಕಾರಣ ದೊಡ್ಡದೇನಲ್ಲ. ಅಲ್ಲಿ ಸುಡುವ ಕಸಕ್ಕೆ ಒಂದು ದಿನ, ಸುಡದ ಕಸಕ್ಕೆ ಇನ್ನೊಂದು ದಿನ, ಬಾಟಲಿ, ಪೇಪರ್‌ಗೆ ಮತ್ತೊಂದು ದಿನ. ಎಲ್ಲ ಬೆರೆಸಿ ಹಾಕಿದ್ದ ಇವಳ ಚೀಲದ ಮೇಲೆ ಚೀಟಿ ಅಂಟಿಸಿ ಅಲ್ಲೇ ಬಿಟ್ಟು ಹೋಗಿದ್ದರು. ಇನ್ನೊಂದು ದಿನ ರಾತ್ರಿ ಹತ್ತಕ್ಕೆ ದೋಸೆಹಿಟ್ಟು ರುಬ್ಬಿದ್ದಾಳೆ. ಎರಡು ದಿನಕ್ಕೆ ಟಪಾಲು ಪೆಟ್ಟಿಗೆಯಲ್ಲಿ ಅಪಾರ್ಟ್‌ಮೆಂಟ್ ಕಚೇರಿಯ ಕಾಗದ. ಅವಳಿಗೆ ಓದಲು ಬಾರದು. ಸಂಜೆ ಗಂಡ ಬಂದು ಓದಿ ಹೇಳುವವರೆಗೆ ಅದನ್ನು ಕೈಯಲ್ಲಿ ಹಿಡಿದು ಕೂತಿದ್ದಳಂತೆ.

“ಹೊರಗೆ ಹೋದ್ರೆ ಏನಾದ್ರೂ ತಪ್ಪು ಮಾಡ್ತೀನಿ ಅಕ್ಕ. ಒಳಗೇ ಇದ್ರೆ ಯಾರಿಗೂ ತೊಂದ್ರೆ ಇಲ್ಲ” ಅಂದಳು. ನನಗೆ ಹೊಟ್ಟೆ ಚುರುಕ್ ಅಂತು.

ನೀವೇ ಯೋಚಿಸಿ. ಪರದೇಶದ ನಡವಳಿಕೆಯನ್ನು ದಿನಾ ಎದುರಿಸುವವರು ಯಾರು? ಆಫೀಸಿನಲ್ಲಿ ಗಂಡ ತಪ್ಪಿದರೆ ತಿದ್ದುವ ಸಹೋದ್ಯೋಗಿಗಳಿರುತ್ತಾರೆ. ಕಸ, ಅಂಗಡಿ, ಆಸ್ಪತ್ರೆ, ಅಕ್ಕಪಕ್ಕದ ಮನೆ ಎಲ್ಲವೂ ಹೆಂಡತಿಯ ಪಾಲು. ಆದರೆ ಟ್ರೈನಿಂಗ್ ಅವನಿಗೆ! ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನ್ ನೋಡಿ ಬಂದರು. ಅಲ್ಲಿಯ ಶಿಸ್ತು, ದುಡಿಮೆಯ ಮಾತು ನಾವು ಅಂದಿನಿಂದ ಕೇಳುತ್ತಲೇ ಇದ್ದೇವೆ. ಅಲ್ಲಿ ಸಂಸಾರ ಹೂಡುವ ಹೆಣ್ಣುಮಗಳಿಗೆ ಏನು ಗೊತ್ತಿರಬೇಕು ಅಂತ ಹೇಳುವವರು ಮಾತ್ರ ಕಡಿಮೆ.

ಮರುದಿನ ನಾವಿಬ್ಬರೂ ಒಂದು ಡಬ್ಬಿ ಸಿಹಿ ಹಿಡಿದು ಕೆಳಗಿನ ಮನೆಗೆ ಹೋದೆವು. ಹೊಸದಾಗಿ ಮನೆ ಹೂಡಿದವರು ಅಕ್ಕಪಕ್ಕ, ಮೇಲೆ ಕೆಳಗಿನ ಮನೆಗಳಿಗೆ ಸಣ್ಣದೊಂದು ಟವೆಲ್ಲೋ ಸಿಹಿಯೋ ಕೊಟ್ಟು ಪರಿಚಯ ಮಾಡಿಕೊಳ್ಳುವುದು ಅಲ್ಲಿಯ ವಾಡಿಕೆ. ನಾವು ಎರಡು ವರ್ಷ ತಡ! ಬಾಗಿಲು ತೆಗೆದ ಅಜ್ಜಿಗೆ “ಸುಮಿಮಾಸೆನ್”, ಅಂದರೆ ಕ್ಷಮಿಸಿ, ಅಂತ ತಂಗಿ ತಲೆಬಾಗಿದಳು. ಅಜ್ಜಿ ಎರಡೂ ಕೈಯಲ್ಲಿ ಡಬ್ಬಿ ತೆಗೆದುಕೊಂಡು ನಮಗಿಂತ ಹೆಚ್ಚು ಬಾಗಿದರು. ತಂಗಿಯ ಹೊಟ್ಟೆ ನೋಡಿ ನಕ್ಕರು. ಮೂರನೇ ದಿನ ಅವರೇ ಮೆಟ್ಟಿಲು ಹತ್ತಿ ಬಂದು ಒಂದು ಬುಟ್ಟಿ ಕಿತ್ತಳೆ ಕೊಟ್ಟರು. ಕೊಟ್ಟದ್ದಕ್ಕೆ ಪ್ರತಿಯಾಗಿ ಕೊಡುವುದಕ್ಕೆ ಅಲ್ಲಿ ‘ಒಕಾಯೆಶಿ’ ಅಂತಾರೆ. ನಮ್ಮಲ್ಲಿ ಪಕ್ಕದ ಮನೆಯ ಡಬ್ಬಿಯನ್ನು ಖಾಲಿ ಹಿಂದಿರುಗಿಸುತ್ತೇವಾ? ಇದೂ ಅದೇ ಅಲ್ವಾ! ದೂರು ಕೊಟ್ಟವರು ಅವರೋ ಬೇರೆಯವರೋ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗುವ ಅಗತ್ಯವೂ ಉಳಿಯಲಿಲ್ಲ.

ನಿಮ್ಮ ಮಗಳೋ ಸೊಸೆಯೋ ಹೊರಟಿದ್ದರೆ ಈ ಕೆಲವು ಮಾತು ಹೇಳಿ ಕಳಿಸಿ:

* ಬಾಗಿಲಲ್ಲೇ ಚಪ್ಪಲಿ ಬಿಟ್ಟು, ತುದಿ ಹೊರಗೆ ಮುಖ ಮಾಡುವಂತೆ ತಿರುಗಿಸಿಡಬೇಕು. ಟಾಯ್ಲೆಟ್ಟಿಗೆ ಬೇರೆ ಸ್ಲಿಪ್ಪರ್ ಇದ್ದರೆ ಅದನ್ನು ಅಲ್ಲೇ ಬಿಡಬೇಕು. ಚಾಪೆಯಂಥ ‘ತತಾಮಿ’ ನೆಲದ ಮೇಲೆ ಯಾವ ಸ್ಲಿಪ್ಪರೂ ಬೇಡ.
* ಊಟದ ಕಡ್ಡಿಯನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಬಾರದು. ಕಡ್ಡಿಯಿಂದ ಕಡ್ಡಿಗೆ ತಿನಿಸು ದಾಟಿಸಬಾರದು. ಎರಡೂ ಸಾವಿನ ಮನೆಯ ಕ್ರಮ.
* ಉಡುಗೊರೆಯಲ್ಲಿ ನಾಲ್ಕರ ಲೆಕ್ಕ ಬೇಡ. ನಾಲ್ಕಕ್ಕೆ ‘ಶಿ’ ಅಂತಾರೆ, ಸಾವಿಗೂ ಅದೇ ಉಚ್ಚಾರ.
* ರೈಲಿನಲ್ಲಿ ಫೋನ್ ಮಾತು ಬೇಡ. ಹೋಟೆಲಿನಲ್ಲಿ ಟಿಪ್ಸ್ ಕೊಡುವ ಪದ್ಧತಿಯಿಲ್ಲ.
* ಸಸ್ಯಾಹಾರಿಗಳು ‘ಮಾಂಸ ಬೇಡ’ ಅಂದರೆ ಸಾಲದು. ತರಕಾರಿ ಸಾರಿನಲ್ಲೂ ಸಾಮಾನ್ಯವಾಗಿ ಮೀನಿನ ರಸವಿರುತ್ತದೆ. ಮೀನೂ ಬೇಡ ಅಂತ ಬಿಡಿಸಿ ಹೇಳಬೇಕು.
* ಬಸಿರಾದ ಕೂಡಲೇ ಅಲ್ಲಿಯ ಸ್ಥಳೀಯ ಕಚೇರಿಗೆ ತಿಳಿಸಿದರೆ ತಾಯಿ-ಮಗುವಿನ ಆರೋಗ್ಯದ ಪುಸ್ತಕ ಕೊಡುತ್ತಾರೆ. ಎಷ್ಟೋ ಊರುಗಳಲ್ಲಿ ಸ್ವಯಂಸೇವಕರು ನಡೆಸುವ ಭಾಷಾ ತರಗತಿಗಳೂ ಇವೆ. ಅಲ್ಲಿ ಭಾಷೆಯ ಜೊತೆ ಗೆಳತಿಯರೂ ಸಿಗುತ್ತಾರೆ.

ಕೆಲವರು ಕೇಳಬಹುದು, ‘ಅವರ ಹಾಗೆ ಬಾಗಿ ಬಾಗಿ ನಮ್ಮತನ ಯಾಕೆ ಬಿಡಬೇಕು?’ ಅಂತ. ಬಿಡಿ ಅಂದವರು ಯಾರು? ತಂಗಿ ಇವತ್ತಿಗೂ ಹಣೆಗೆ ಕುಂಕುಮ ಇಡುತ್ತಾಳೆ, ಹಬ್ಬಕ್ಕೆ ಸೀರೆ ಉಡುತ್ತಾಳೆ, ದೋಸೆ ಹುಯ್ಯುತ್ತಾಳೆ. ಹಿಟ್ಟು ಮಾತ್ರ ಹಗಲಲ್ಲೇ ರುಬ್ಬುತ್ತಾಳೆ! ಪಕ್ಕದವರ ನಿದ್ದೆ ಕಾಯುವುದರಿಂದ ನಮ್ಮತನ ಸವೆಯುವುದಿಲ್ಲ. ಆದರೆ ತಪ್ಪಾದೀತೆಂಬ ಹೆದರಿಕೆಯಿಂದ ಬಾಗಿಲು ಹಾಕಿಕೊಂಡು ಕೂತರೆ ನಾವೇ ಸವೆಯುತ್ತೇವೆ. ರಿವಾಜು ಕಲಿಯುವುದು ಬಾಗಿಲು ತೆರೆಯಲಿಕ್ಕೆ, ಹಾಕಿಕೊಳ್ಳಲಿಕ್ಕಲ್ಲ. ಪೂರ್ತಿ ಕಲಿಯಲಾಗದಿದ್ದರೂ ಚಿಂತೆಯಿಲ್ಲ. ಕಲಿಯುವ ಮನಸ್ಸಿದೆ ಅಂತ ಕಂಡರೆ ಎದುರಿನವರು ಅರ್ಧ ದಾರಿ ತಾವೇ ಬರುತ್ತಾರೆ.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ಹೊರದೇಶಕ್ಕೆ ಕಳಿಸುವ ಕಂಪನಿಗಳು ಆ ಎರಡು ದಿನದ ಪಾಠಕ್ಕೆ ಹೆಂಡತಿಯರನ್ನೂ ಕೂರಿಸಲಿ. ಕರೆಯದಿದ್ದರೆ ಗಂಡನೇ ಕೇಳಲಿ. ಅದೂ ಆಗದಿದ್ದರೆ ಅವನು ಕಲಿತದ್ದನ್ನು ಮನೆಗೆ ಬಂದು ಹೇಳಿಕೊಡಲಿ, ಬಂದ ಕಾಗದಗಳನ್ನು ಓದಿ ಸುಮ್ಮನಾಗದೆ ಅವಳ ಜೊತೆ ಪಕ್ಕದ ಮನೆಯ ಬಾಗಿಲಿಗೂ ಹೋಗಲಿ. ಅಮ್ಮಂದಿರೇ, ಮಗಳ ಸೂಟ್‌ಕೇಸಿನಲ್ಲಿ ಚಟ್ನಿಪುಡಿಯ ಪಕ್ಕದಲ್ಲಿ ನಾಲ್ಕು, ಅಲ್ಲಲ್ಲ, ಐದು ಪುಟ್ಟ ಉಡುಗೊರೆಗಳನ್ನೂ ಇಡಿ. ಚನ್ನಪಟ್ಟಣದ ಗೊಂಬೆಯೋ, ಮೈಸೂರಿನ ಗಂಧದ ಸೋಪೋ ಆದರೂ ಸಾಕು. ಹೋದ ಮೊದಲ ವಾರವೇ ಅದನ್ನು ಹಿಡಿದು ಪಕ್ಕದ ಮನೆಯ ಬೆಲ್ ಒತ್ತಲಿ.

ನನ್ನ ತಂಗಿಯ ಮಗುವಿಗೆ ಈಗ ನಾಲ್ಕು ವರ್ಷ. ಕೆಳಗಿನ ಮನೆಯ ಅಜ್ಜಿಯನ್ನು ಅದು ಅಚ್ಚ ಕನ್ನಡದಲ್ಲಿ ‘ಅಜ್ಜಿ’ ಅಂತಲೇ ಕರೆಯುತ್ತದೆ. ಅವರೂ ‘ಓ’ ಅನ್ನುವುದನ್ನು ಕಲಿತಿದ್ದಾರೆ!