ನಾಲ್ಕು ತಂತಿಯ ಪಂಥ

ಸಂಗೀತ ಬಾರದವರಲ್ಲಿ ಎರಡು ಪಂಗಡಗಳುಂಟು. ತಮಗೆ ಬಾರದೆಂದು ಸುಮ್ಮನಿರುವ ಸಜ್ಜನರದು ಒಂದು. ತಮಗೆ ಬಾರದಿದ್ದರೂ ಹಾಡುವವರ ತಪ್ಪನ್ನು ಎತ್ತಿ ಆಡುವವರದು ಇನ್ನೊಂದು. ನಾನು ಎರಡನೆಯ ಪಂಗಡದವನೆಂಬುದನ್ನು ವಾಚಕರ ಮುಂದೆ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಈ ಬುದ್ಧಿ ನನಗೆ ತಾನಾಗಿ ಬಂದುದಲ್ಲ. ಕಳೆದ ಡಿಸೆಂಬರಿನಲ್ಲಿ ಕಂಡ ಒಂದು ಪಂಥ ಅದನ್ನು ಕಲಿಸಿತು.

ಮಗಳು ಇಂಗ್ಲೆಂಡಿನ ಉತ್ತರ ಭಾಗದ ಒಂದು ಸಣ್ಣ ಊರಿನಲ್ಲಿದ್ದಾಳೆ. ನಾನೂ ನನ್ನಾಕೆಯೂ ಚಳಿಗಾಲದಲ್ಲಿ ಅಲ್ಲಿಗೆ ಹೋಗಿದ್ದೆವು. ಡಿಸೆಂಬರಿನಲ್ಲಿ ಅಲ್ಲಿ ಸಂಜೆ 4 ಗಂಟೆ ಆಗುವ ಮೊದಲೇ ಸೂರ್ಯ ಮುಳುಗುತ್ತಾನೆ. ಮಗಳೂ ಅಳಿಯನೂ ಕೆಲಸದಿಂದ ಬರುವ ತನಕ ನಾವಿಬ್ಬರೂ ಕಿಟಕಿಯ ಬಳಿ ಕುಳಿತು ಕತ್ತಲೆಯನ್ನು ನೋಡುವುದೇ ಕೆಲಸ. ಹೀಗಿರುವಾಗ ಒಂದು ಸಂಜೆ ಗೋಡೆಯ ಆಚೆಯಿಂದ ಕಿಣಿಕಿಣಿ ನಾದ ಕೇಳಿಸಿತು. ನಾಲ್ಕು ಹೆಜ್ಜೆ ನಡೆದು ಎಡವಿ, ಮತ್ತೆ ನಾಲ್ಕು ಹೆಜ್ಜೆ ನಡೆಯುವ ಮಗುವಿನಂತಹ ನಾದ.

“ಅಪ್ಪ, ಅದು ಪಕ್ಕದ ಮನೆಯ ತಾತನ ಯುಕುಲೇಲೆ. ಕ್ರಿಸ್‌ಮಸ್ ಬರುವವರೆಗೆ ನಮಗೆ ಬಿಡುಗಡೆಯಿಲ್ಲ” ಎಂದಳು ಮಗಳು.

ಮರುದಿನ ಆ ತಾತನೇ ನಮ್ಮಿಬ್ಬರನ್ನೂ ಚಹಕ್ಕೆ ಕರೆದರು. ಬಹುಕಾಲ ಮನೆಮನೆಗೆ ಅಂಚೆ ಹಂಚಿ ನಿವೃತ್ತರಾದವರು. ವಯಸ್ಸು ಎಪ್ಪತ್ತು ದಾಟಿದೆ. ಬೆರಳಿನ ಗೆಣ್ಣುಗಳು ಶುಂಠಿಯ ಕೊಂಬಿನಂತೆ ಗಂಟುಗಟ್ಟಿವೆ. ಆ ಕೈಯಲ್ಲಿ ಅವರು ಎತ್ತಿ ತೋರಿಸಿದ ವಾದ್ಯವನ್ನು ಕಂಡು, ಯಾರೋ ಮೊಮ್ಮಗನ ಆಟಿಕೆ ಇರಬೇಕೆಂದುಕೊಂಡೆ. ಉದ್ದ ಸುಮಾರು 21 ಅಂಗುಲ. ಗಿಟಾರಿನ ಮರಿಯಂತಹ ಮೈ. ನೈಲಾನಿನ ನಾಲ್ಕೇ ತಂತಿಗಳು.

ಈ ಪುಟ್ಟ ವಾದ್ಯದ ಚರಿತ್ರೆ ದೊಡ್ಡದು. ಅಟ್ಲಾಂಟಿಕ್ ಸಾಗರದಲ್ಲಿ ಪೋರ್ಚುಗಲ್ಲಿಗೆ ಸೇರಿದ ಮದೀರಾ ಎಂಬ ದ್ವೀಪವಿದೆ. 1879ರಲ್ಲಿ ಅಲ್ಲಿಯ ಬಡಜನ ಕಬ್ಬಿನ ತೋಟಗಳಲ್ಲಿ ಕೂಲಿ ಮಾಡಲು ‘ರೇವನ್ಸ್‌ಕ್ರ್ಯಾಗ್’ ಎಂಬ ಹಡಗನ್ನೇರಿ ಹವಾಯಿ ದ್ವೀಪಗಳಿಗೆ ಬಂದಿಳಿದರು. ಅವರಲ್ಲಿ ಮರಗೆಲಸ ಬಲ್ಲ ಮೂವರಿದ್ದರು: ಮಾನ್ಯುಯೆಲ್ ನೂನೆಸ್, ಆಗಸ್ಟೊ ಡಿಯಾಸ್, ಜೋಸೆ ದೊ ಎಸ್ಪಿರಿತೊ ಸಾಂತೊ. ತಮ್ಮೂರಿನ ‘ಮಶೆಟ್’ ಎಂಬ ಸಣ್ಣ ತಂತಿವಾದ್ಯದ ಮಾದರಿಯಲ್ಲಿ ಇವರು ಹವಾಯಿಯ ಕೋವಾ ಮರದಿಂದ ವಾದ್ಯಗಳನ್ನು ಮಾಡತೊಡಗಿದರು. ಅಲ್ಲಿಯ ದೊರೆ ಕಲಾಕೌವಾ ಅದಕ್ಕೆ ಆಸ್ಥಾನದಲ್ಲಿ ಮರ್ಯಾದೆ ಕೊಟ್ಟನು. ನುಡಿಸುವವರ ಬೆರಳುಗಳ ಕುಪ್ಪಳಿಕೆಯನ್ನು ಕಂಡ ಜನ ಇದನ್ನು ‘ಹಾರುವ ಚಿಗಟ’ ಎಂಬ ಅರ್ಥದಲ್ಲಿ ‘ಉಕುಲೇಲೆ’ ಎಂದು ಕರೆದರಂತೆ. ರಾಣಿ ಲಿಲಿಯುಓಕಲಾನಿಗೆ ಚಿಗಟ ಒಪ್ಪಿಗೆಯಾಗಲಿಲ್ಲವೋ ಏನೋ, ಅದೇ ಪದಕ್ಕೆ ‘ಇಲ್ಲಿಗೆ ಬಂದ ಕಾಣಿಕೆ’ ಎಂಬ ಅರ್ಥವನ್ನು ಹೇಳಿದಳೆಂದು ಪ್ರತೀತಿ. 1915ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ನಗರದ ಮಹಾ ವಸ್ತುಪ್ರದರ್ಶನದಲ್ಲಿ ಅಮೆರಿಕದ ಜನ ಇದಕ್ಕೆ ಮರುಳಾದರು. ಅಲ್ಲಿಂದ ಮುಂದೆ ಅದು ಲೋಕಸಂಚಾರಕ್ಕೆ ಹೊರಟಿತು.

ಸಂಚಾರಕ್ಕೆ ಕಾರಣ ಅದರ ಸೌಲಭ್ಯ. ಮೂರು ನಾಲ್ಕು ಸ್ವರಗಳನ್ನು ಒಮ್ಮೆಗೇ ಮೀಟುವುದಕ್ಕೆ ಪಾಶ್ಚಾತ್ಯರು ‘ಕಾರ್ಡ್’ ಎನ್ನುತ್ತಾರಷ್ಟೆ. ಈ ವಾದ್ಯದಲ್ಲಿ ಒಂದು ಕಾರ್ಡಿಗೆ ಒಂದೇ ಬೆರಳು ಸಾಕು; ಎರಡನೆಯದಕ್ಕೆ ಎರಡು ಬೆರಳು; ಮೂರನೆಯದಕ್ಕೆ ಮೂರು. ಇಷ್ಟು ಕೈವಶವಾದರೆ ಕ್ರಿಸ್‌ಮಸ್ ಕಾಲದ ಎಷ್ಟೋ ಕ್ಯಾರಲ್ ಗೀತೆಗಳಿಗೆ ಹಿಮ್ಮೇಳ ಸಿದ್ಧವಾದಂತೆಯೇ.

ತಾತ ತಮ್ಮ ಪಂಥದ ವಿಷಯವನ್ನು ತಿಳಿಸಿದರು. ಅವರಂತೆಯೇ ಯುಕುಲೇಲೆಯ ಗೀಳು ಹಿಡಿದವರ ಒಂದು ಕೂಟವಿದೆ. ಕೂಟವೆಂದರೆ ಕೂಡುವ ಕೂಟವಲ್ಲ. ಒಬ್ಬರು ಸ್ಕಾಟ್ಲೆಂಡಿನಲ್ಲಿ, ಒಬ್ಬರು ಕೆನಡಾದಲ್ಲಿ, ಮತ್ತೊಬ್ಬರು ಆಸ್ಟ್ರೇಲಿಯಾದಲ್ಲಿ. ಹೆಚ್ಚಿನವರು ಒಬ್ಬರನ್ನೊಬ್ಬರು ಮುಖತಃ ಕಂಡವರೇ ಅಲ್ಲ. ಡಿಸೆಂಬರ್ 13ರಿಂದ 24ರವರೆಗೆ 12 ದಿನ, ದಿನಕ್ಕೊಂದರಂತೆ 12 ಕ್ಯಾರಲ್‌ಗಳನ್ನು ನುಡಿಸಿ, ಫೋನಿನಲ್ಲಿ ಚಿತ್ರ ಹಿಡಿದು, ಉಳಿದವರಿಗೆ ಕಳುಹಿಸಬೇಕು. ಬಹುಮಾನವಿಲ್ಲ, ತೀರ್ಪುಗಾರರಿಲ್ಲ. ನಿಯಮ ಒಂದೇ: ಒಂದೇ ಸಲ ನುಡಿಸಬೇಕು, ತಪ್ಪಿದರೆ ತಿದ್ದಿ ಮತ್ತೆ ನುಡಿಸಕೂಡದು.

“ಇದೆಂತಹ ನಿಯಮ! ಚೆನ್ನಾಗಿ ಬರುವ ತನಕ ನುಡಿಸಿ ಒಳ್ಳೆಯದನ್ನೇ ಕಳುಹಿಸಬಹುದಲ್ಲ?” ಎಂದು ನಾನು ಕೇಳಿದೆ.

ತಾತ ನಕ್ಕರು. “ಒಂದೂ ತಪ್ಪಿಲ್ಲದ ಹಾಡು ಬೇಕಾದವರು ಅಂಗಡಿಯಿಂದ ಕೊಂಡುಕೊಳ್ಳುತ್ತಾರೆ. ನನ್ನ ಸ್ನೇಹಿತರಿಗೆ ಬೇಕಾದುದು ನಾನು ಈ ದಿನ ನುಡಿಸಿದೆನೆಂಬ ಸಮಾಚಾರ. ಕಾಗದವನ್ನು ಮುಟ್ಟಿಸುವುದು ನನ್ನ ಕೆಲಸವಾಗಿತ್ತು, ಅದರೊಳಗೆ ಕಾಗುಣಿತದ ತಪ್ಪು ಎಷ್ಟಿವೆಯೆಂದು ನಾನೆಂದೂ ನೋಡಿದವನಲ್ಲ” ಎಂದರು.

ಈ ಮಾತಿನ ನಡುವೆ ಅವರು ಬೆರಳನ್ನು ಎಲ್ಲಿಯೂ ಒತ್ತದೆ ನಾಲ್ಕು ತಂತಿಗಳನ್ನೂ ಒಂದೊಂದಾಗಿ ಮೀಟಿ ಶ್ರುತಿ ನೋಡಿಕೊಳ್ಳುತ್ತಿದ್ದರು. ಅದುವರೆಗೆ ಮೌನವಾಗಿದ್ದ ನನ್ನಾಕೆ ತಟ್ಟನೆ ನನ್ನತ್ತ ತಿರುಗಿ, “ಪ, ಸ, ಗ, ದ. ಮೋಹನಕ್ಕೆ ಒಂದು ರಿಷಭ ಮಾತ್ರ ಕಡಿಮೆ!” ಎಂದಳು. ಮಗಳಾದರೆ ಅದನ್ನು ಇಂಗ್ಲಿಷಿನಲ್ಲಿ ಸರಿಯಾಗಿ ತಿಳಿಸುತ್ತಿದ್ದಳು. ನಾನು ಹೇಗೋ ಅನುವಾದ ಮಾಡಿದೆ.

ತಾತನ ಕಣ್ಣು ಅರಳಿತು. “ಹಾಗಾದರೆ ನೀವು ಹಾಡುತ್ತೀರಿ!” ಎಂದರು.

“ಇಲ್ಲ, ಬಿಟ್ಟು ಬಹಳ ಕಾಲವಾಯಿತು.”

“ಏಕೆ ಬಿಟ್ಟಿರಿ?”

“ಏನೋ, ಬಿಟ್ಟುಹೋಯಿತು” ಎಂದಳು. ಹಾಗೆನ್ನುವಾಗ ಅವಳು ನನ್ನತ್ತ ನೋಡಲಿಲ್ಲ. ನೋಡದಿದ್ದುದರಿಂದಲೇ ನನಗೆ ಎಲ್ಲವೂ ನೆನಪಾಯಿತು.

ಮೂವತ್ತು ವರ್ಷಗಳ ಹಿಂದಿನ ಮಾತು. ಗೌರೀಹಬ್ಬದ ಸಂಜೆ ನಮ್ಮ ಮನೆಯಲ್ಲಿ ನೆಂಟರೂ ನನ್ನ ಕಛೇರಿಯ ಸ್ನೇಹಿತರೂ ನೆರೆದಿದ್ದರು. ಎಲ್ಲರ ಒತ್ತಾಯಕ್ಕೆ ಅವಳು ಒಂದು ದೇವರನಾಮವನ್ನು ಹಾಡಿದಳು. ತಾರಸ್ಥಾಯಿಯಲ್ಲಿ ಧ್ವನಿ ಒಂದಿಷ್ಟು ಒಡೆಯಿತು. “ಅಡಿಗೆಮನೆಯಲ್ಲಿ ಬೆಕ್ಕು ಪಾತ್ರೆ ಉರುಳಿಸಿತೇನೋ ನೋಡಿ” ಎಂದೆ ನಾನು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಅಂದಿನಿಂದ ಅವಳು ಜನರ ಮುಂದೆ ಹಾಡಿದ್ದಿಲ್ಲ. ಕೆಲವು ಕಾಲಾನಂತರ ಮನೆಯಲ್ಲಿ ಗುನುಗುವುದೂ ನಿಂತಿತು. ಮಕ್ಕಳು, ಮರಿ, ಮನೆವಾರ್ತೆ. ಬಿಡುವಿಲ್ಲದೆ ನಿಂತಿರಬೇಕೆಂದು ನಾನು ನಂಬಿದ್ದೆ. ಹಾಗೆ ನಂಬುವುದು ನನಗೆ ಅನುಕೂಲವಾಗಿತ್ತು.

24ನೆಯ ತಾರೀಖಿನ ಸಂಜೆ ತಾತ ನಮ್ಮನ್ನು ಮತ್ತೆ ಕರೆದರು. ಪಂಥದ ಕಡೆಯ ದಿನ. ಆ ದಿನಕ್ಕೆಂದು ಅವರು ಉಳಿಸಿಕೊಂಡಿದ್ದ ಹಾಡು ‘ಸೈಲೆಂಟ್ ನೈಟ್’. ಅದಕ್ಕೊಂದು ಕಾರಣವುಂಟು. ಆ ಗೀತೆಯನ್ನು ಜನರು ಮೊದಲು ಕೇಳಿದ್ದು 1818ರ ಡಿಸೆಂಬರ್ 24ರಂದು, ಆಸ್ಟ್ರಿಯದ ಓಬರ್ನ್‌ಡಾರ್ಫ್ ಎಂಬ ಊರಿನ ಚರ್ಚಿನಲ್ಲಿ. ಪದ್ಯವನ್ನು ಬರೆದ ಯೋಸೆಫ್ ಮೋರ್ ಒಬ್ಬ ಕಿರಿಯ ಪಾದ್ರಿ. ರಾಗ ಕೂಡಿಸಿದ ಫ್ರಾಂಟ್ಸ್ ಗ್ರೂಬರ್ ನೆರೆಹಳ್ಳಿಯ ಉಪಾಧ್ಯಾಯ. ಅಂದಿನ ವಾದ್ಯ ಒಂದು ಗಿಟಾರು ಮಾತ್ರ. ಇಂದು ಲೋಕದ ಮೂಲೆಮೂಲೆಯಲ್ಲಿ ಕೇಳುವ ಆ ಗೀತೆ ಮೊದಲು ಹೊಮ್ಮಿದ್ದು ಒಂದು ಸಣ್ಣ ಊರಿನಲ್ಲಿ, ಇಬ್ಬರ ಕಂಠದಿಂದ, ಕೆಲವೇ ತಂತಿಗಳ ಆಸರೆಯಿಂದ.

ತಾತ ಚಹದ ಕುಡಿಕೆಗೆ ಫೋನನ್ನು ಒರಗಿಸಿ ನಿಲ್ಲಿಸಿ ನುಡಿಸತೊಡಗಿದರು. ಕಂಠ ಗದ್ಗದವಾಗಿದ್ದರೂ ಭಾವ ಶುದ್ಧವಾಗಿತ್ತು. ಎರಡನೆಯ ಚರಣದಲ್ಲಿ ಬೆರಳೊಂದು ಜಾರಿ ಅಪಸ್ವರ ಹೊರಟಿತು. ತಾತ ತುಟಿ ಕಚ್ಚಿದರು, ನಿಲ್ಲಿಸಲಿಲ್ಲ. ಮುಗಿಸಿ, ಹಾಗೆಯೇ ಸ್ನೇಹಿತರಿಗೆ ಕಳುಹಿಸಿಬಿಟ್ಟರು. ಸ್ವಲ್ಪ ಹೊತ್ತಿನಲ್ಲಿ ಅದೇ ಗೀತೆ ದೂರದೂರುಗಳಿಂದ ಬರತೊಡಗಿತು. ಒಬ್ಬಾಕೆಯ ಮಡಿಲಲ್ಲಿ ಮಗು ಅಳುತ್ತಿತ್ತು. ಒಬ್ಬನಿಗೆ ತಾಳವೇ ಇರಲಿಲ್ಲ. ಯಾರಿಗೂ ನಾಚಿಕೆಯಿರಲಿಲ್ಲ, ಯಾರೂ ನಗಲಿಲ್ಲ.

ಆಗ ನನ್ನಾಕೆ ಕುರ್ಚಿಯನ್ನು ಸ್ವಲ್ಪ ಮುಂದೆ ಎಳೆದುಕೊಂಡಳು. ಎರಡನೆಯ ತಂತಿಯನ್ನು ತೋರಿಸಿ, ಎರಡನೆಯ ಮೆಟ್ಟಿನಲ್ಲಿ ಒತ್ತುವಂತೆ ಸನ್ನೆ ಮಾಡಿದಳು. ತಾತ ಒತ್ತಿ ಮೀಟಿದರು. ಕಾಣೆಯಾಗಿದ್ದ ರಿಷಭ ಸಿಕ್ಕಿತು! ಅವಳು ಕಣ್ಣು ಮುಚ್ಚಿ, ಮೆಲ್ಲಗೆ ಮೋಹನದ ಆರೋಹಣವನ್ನು ಹೇಳಿ, ಅದೇ ಹಳೆಯ ದೇವರನಾಮವನ್ನು ಎತ್ತಿಕೊಂಡಳು. ತಾತ ತಿಳಿದಷ್ಟು ಕಡೆ ತಂತಿ ಮೀಟುತ್ತಾ, ತಿಳಿಯದ ಕಡೆ ತಲೆದೂಗುತ್ತಾ ಹಿಂಬಾಲಿಸಿದರು.

ತಾರಸ್ಥಾಯಿಗೆ ಬಂದಾಗ ಧ್ವನಿ ಒಡೆಯಿತು. ಅವಳು ಕಣ್ಣು ತೆರೆದು ಅರೆಕ್ಷಣ ನನ್ನನ್ನು ನೋಡಿದಳು. ಮೂವತ್ತು ವರ್ಷಗಳ ಹಿಂದೆಯೂ ಅವಳು ಹೀಗೆಯೇ ನೋಡಿದ್ದಿರಬೇಕು. ಅಂದು ನಾನು ನೆಂಟರ ಮುಖ ನೋಡುತ್ತಿದ್ದೆ. ಈ ಸಲ ನಾನು ಅವಳ ಮುಖವನ್ನೇ ನೋಡುತ್ತಾ ಕೈಯಲ್ಲಿ ತಾಳ ಹಾಕಿದೆ. ಅವಳು ಹಾಡನ್ನು ಮುಂದುವರಿಸಿದಳು.

ಹಿಂತಿರುಗುವಾಗ ಬೀದಿಯಲ್ಲಿ ಮಂಜು ಕವಿದಿತ್ತು. ಪಕ್ಕದ ಮನೆಯ ಬಾಗಿಲಿನಿಂದ ನಮ್ಮ ಬಾಗಿಲಿಗೆ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಯಲ್ಲಿ “ಕ್ಷಮಿಸು” ಎನ್ನಬೇಕೆಂದು ಬಾಯಿ ತೆರೆದೆ. ಅವಳೇ ಮೊದಲು, “ನಿಮ್ಮ ತಾಳ ಮೂರು ಕಡೆ ತಪ್ಪಿತು” ಎಂದಳು.

ವಾಚಕ ಮಹಾಶಯರೇ, ಮನೆಯಲ್ಲಿ ಯಾರಾದರೂ ಗುನುಗುತ್ತಿದ್ದರೆ ದಯವಿಟ್ಟು ಶ್ರುತಿಯ ವಿಚಾರಣೆಗೆ ಹೋಗಬೇಡಿ. ಈಗ ನಮ್ಮ ಮನೆಯಲ್ಲಿ ಬೆಳಿಗ್ಗೆ ಕಾಫಿ ಕಾಯುವ ಹೊತ್ತಿಗೆ ಮೋಹನ ಕೇಳಿಸುತ್ತದೆ. ಒಂದೊಂದು ದಿನ ತಾರಸ್ಥಾಯಿಯಲ್ಲಿ ಧ್ವನಿ ಒಡೆಯುವುದೂ ಉಂಟು. ನಾನು ವೃತ್ತಪತ್ರಿಕೆಯನ್ನು ಮಡಿಸಿಟ್ಟು ತಾಳ ಹಾಕುತ್ತೇನೆ, ತಪ್ಪುತ್ತೇನೆ, ಅವಳು ತಿದ್ದುತ್ತಾಳೆ.