ನಿಷೇಧದಲ್ಲಿದ್ದ ತಂಡ ಚಾಂಪಿಯನ್ ಎನ್ನಬಹುದೇ?

ಒಂದು ತಂಡ ಆಡಿದ ಪಂದ್ಯಗಳನ್ನೆಲ್ಲ ಗೆದ್ದಿದೆ. ಆದರೆ ಹಿಂದಿನ ಒಂದು ತಪ್ಪಿಗೆ ಶಿಕ್ಷೆಯಾಗಿ ಕೊನೆಯ ದೊಡ್ಡ ಪಂದ್ಯಕ್ಕೆ ಅದನ್ನು ಬಿಡಲಿಲ್ಲ. ಆ ತಂಡ ತನ್ನನ್ನು ಚಾಂಪಿಯನ್ ಎಂದು ಕರೆದುಕೊಳ್ಳಬಹುದೇ? ನನ್ನ ಉತ್ತರ ಇಷ್ಟೇ: ಸೋಲದ ತಂಡ ಎಂದು ಧಾರಾಳವಾಗಿ ಹೇಳಿಕೊಳ್ಳಲಿ, ಚಾಂಪಿಯನ್ ಎಂದು ಮಾತ್ರ ಹೇಳಿಕೊಳ್ಳಬಾರದು.

ಈ ಜಗಳ ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಬಹಳ ಹಳೆಯದು. ಅದು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಸೀಸನ್ ಮುಗಿದ ಮೇಲೆ ಒಳ್ಳೆಯ ತಂಡಗಳಿಗೆ ‘ಬೌಲ್’ ಎಂಬ ಪಂದ್ಯಗಳಿರುತ್ತವೆ. ಹಿಂದೆ ರಾಷ್ಟ್ರೀಯ ಚಾಂಪಿಯನ್ ಯಾರೆಂದು ಪತ್ರಕರ್ತರು ಒಂದು ಕಡೆ, ಕೋಚ್‌ಗಳು ಇನ್ನೊಂದು ಕಡೆ ಮತ ಹಾಕಿ ಹೇಳುತ್ತಿದ್ದರು. 1974ರಲ್ಲಿ ಒಕ್ಲಹೋಮಾ ತಂಡ 11ಕ್ಕೆ 11 ಪಂದ್ಯ ಗೆದ್ದಿತು. ಅದರ ಮೇಲೆ ನಿಷೇಧ ಇದ್ದುದರಿಂದ ಬೌಲ್ ಪಂದ್ಯ ಸಿಗಲಿಲ್ಲ. ಪತ್ರಕರ್ತರು ಅದನ್ನೇ ಮೊದಲ ಸ್ಥಾನಕ್ಕೆ ಹಾಕಿದರು. ಕೋಚ್‌ಗಳು ಶಿಕ್ಷೆಯಲ್ಲಿರುವ ತಂಡವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಸದರ್ನ್ ಕ್ಯಾಲಿಫೋರ್ನಿಯಾವನ್ನು ಆರಿಸಿದರು. ಒಂದೇ ವರ್ಷಕ್ಕೆ ಇಬ್ಬರು ಚಾಂಪಿಯನ್‌ಗಳು!

1993ರಲ್ಲಿ ಆಬರ್ನ್ ವಿಶ್ವವಿದ್ಯಾಲಯವೂ ನಿಷೇಧದಲ್ಲಿದ್ದುಕೊಂಡೇ 11 ಪಂದ್ಯಗಳನ್ನೂ ಗೆದ್ದಿತು. 2012ರಲ್ಲಿ ಒಹಾಯೊ ಸ್ಟೇಟ್ ಹಾಗೆಯೇ 12 ಪಂದ್ಯಗಳನ್ನೂ ಗೆದ್ದಿತು. ಆಬರ್ನ್ ಇಂದು ತನ್ನ ಚಾಂಪಿಯನ್‌ಶಿಪ್ ಪಟ್ಟಿಯಲ್ಲಿ 1993ನ್ನೂ ಸೇರಿಸಿಕೊಂಡಿದೆ. ಒಹಾಯೊ ಸ್ಟೇಟ್ ತನ್ನ ಪಟ್ಟಿಯಲ್ಲಿ 2012ನ್ನು ಸೇರಿಸಿಲ್ಲ. ನನಗೆ ಒಹಾಯೊ ಸ್ಟೇಟ್ ಮಾಡಿದ್ದು ಸರಿ ಎನಿಸುತ್ತದೆ.

‘ಆಟಗಾರರು ಮಾಡಿದ ತಪ್ಪೇನು?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಎರಡೂ ಕಡೆ ತಪ್ಪು ನಡೆದದ್ದು ಹಿಂದಿನ ಕೋಚ್ ಕಾಲದಲ್ಲಿ. ಶಿಕ್ಷೆ ಅನುಭವಿಸಿದವರಲ್ಲಿ ಆ ತಪ್ಪು ಮಾಡದ ಹುಡುಗರೂ ಇದ್ದರು.

ನಮ್ಮ ದೇಶವೂ ಇದನ್ನು ಕಂಡಿದೆ. 2022ರ ಆಗಸ್ಟ್ 16ರಂದು ಫಿಫಾ, ಹೊರಗಿನವರ ಹಸ್ತಕ್ಷೇಪದ ಕಾರಣ ಕೊಟ್ಟು ಭಾರತದ ಫುಟ್‌ಬಾಲ್ ಫೆಡರೇಶನ್ನನ್ನು ಅಮಾನತು ಮಾಡಿತು. ಜಗಳ ಆಡಳಿತದವರದ್ದು. ಆದರೆ ಏಷ್ಯಾದ ಕ್ಲಬ್ ಟೂರ್ನಿ ಆಡಲು ಉಜ್ಬೇಕಿಸ್ತಾನ ತಲುಪಿದ್ದ ಗೋಕುಲಂ ಕೇರಳದ ಹೆಣ್ಣುಮಕ್ಕಳು ಆಡದೆಯೇ ವಾಪಸಾಗಬೇಕಾಯಿತು. ಆಗಸ್ಟ್ 26ರಂದು ಅಮಾನತು ತೆರವಾದಾಗ ಅವರ ಅವಕಾಶ ಕೈತಪ್ಪಿ ಹೋಗಿತ್ತು. ಅವರಿಗೆ ಆದದ್ದು ಅನ್ಯಾಯ. ಹಾಗೆಂದು ಅವರು ಏಷ್ಯಾ ಚಾಂಪಿಯನ್ ಎಂದು ಹೇಳಿಕೊಳ್ಳಲಿಲ್ಲ.

ಅಮಾನತು ಆದ ಅದೇ ದಿನ ಡುರಾಂಡ್ ಕಪ್ ಶುರುವಾಯಿತು. ದೇಶದೊಳಗಿನ ಟೂರ್ನಿಗೆ ತಡೆ ಇರಲಿಲ್ಲ. ನಮ್ಮ ಬೆಂಗಳೂರು ಎಫ್‌ಸಿ ಸೆಪ್ಟೆಂಬರ್ 18ರಂದು ಕೋಲ್ಕತ್ತದ ಫೈನಲ್‌ನಲ್ಲಿ ಮುಂಬೈ ಸಿಟಿಯನ್ನು 2–1ರಿಂದ ಸೋಲಿಸಿ ಕಪ್ ಗೆದ್ದಿತು. ನಿಷೇಧದ ನೆರಳಲ್ಲಿ ಶುರುವಾದ ಟೂರ್ನಿ ಎಂದು ಯಾರೂ ಆ ಕಪ್ಪಿನ ಮೇಲೆ ಅನುಮಾನ ಪಡುವುದಿಲ್ಲ. ಬಾಗಿಲು ಎಲ್ಲರಿಗೂ ತೆರೆದಿತ್ತು, ಎದುರಾಳಿ ಮೈದಾನದಲ್ಲಿದ್ದ, ಫೈನಲ್ ನಡೆಯಿತು. ನಮ್ಮ ಹಿರಿಯರು ಹೆಮ್ಮೆಯಿಂದ ಹೇಳುವ ಬೆಂಗಳೂರು ಮುಸ್ಲಿಮ್ಸ್ ತಂಡವೂ 1937 ಮತ್ತು 1938ರಲ್ಲಿ ರೋವರ್ಸ್ ಕಪ್ ಗೆದ್ದದ್ದು ಮೈದಾನದಲ್ಲೇ.

ಕಾಮರ್ಸ್ ವಿದ್ಯಾರ್ಥಿಯಾಗಿ ನನಗೆ ಇದು ಲೆಕ್ಕದ ಪ್ರಶ್ನೆಯಾಗಿ ಕಾಣುತ್ತದೆ. ಕ್ರೆಡಿಟ್ ಮಾತ್ರ ಬರೆದು ಡೆಬಿಟ್ ಬಿಟ್ಟರೆ ಟ್ರಯಲ್ ಬ್ಯಾಲೆನ್ಸ್ ಕೂಡುವುದಿಲ್ಲ. ಅಂಗಡಿಯ ಹಿಸಾಬ್ ಬರೆಯುವ ನಮ್ಮ ಅಬ್ಬಾ ಬಂದ ಹಣದ ಜೊತೆಗೆ ವಾಪಸಾದ ಮಾಲನ್ನೂ ಅದೇ ಪುಟದಲ್ಲಿ ಬರೆಯುತ್ತಾರೆ. ಗೆದ್ದ ಪಂದ್ಯಗಳನ್ನು ಬರೆಯುವವರು ನಿಷೇಧವನ್ನೂ ಅದೇ ಸಾಲಿನಲ್ಲಿ ಬರೆಯಬೇಕು. ಕಮರ್ಷಿಯಲ್ ಸ್ಟ್ರೀಟ್ ಆಸುಪಾಸಿನಲ್ಲಿ ದುಡ್ಡು ಕೊಟ್ಟರೆ ಯಾವ ಕಪ್ಪಿನ ಮೇಲೂ ಯಾವ ಹೆಸರನ್ನಾದರೂ ಕೆತ್ತಿಸಬಹುದು. ಅದರಿಂದ ಯಾರೂ ಚಾಂಪಿಯನ್ ಆಗುವುದಿಲ್ಲ.

ಇದು ದೂರದ ಮಾತಲ್ಲ. ನಮ್ಮ ಕಡೆಯ ಒಂದು ಕಾಲೇಜಿನ ತಂಡದಲ್ಲಿ ಒಬ್ಬ ಹುಡುಗನ ವಯಸ್ಸಿನ ದಾಖಲೆ ಸರಿಯಿಲ್ಲವೆಂದು ಸೆಮಿಫೈನಲ್‌ಗೆ ಮೊದಲೇ ಇಡೀ ತಂಡವನ್ನು ಹೊರಗಿಟ್ಟರು. ಮರುವಾರ ಗೇಟಿನ ಮೇಲೆ ‘ನಾವೇ ಚಾಂಪಿಯನ್ಸ್’ ಎಂಬ ಫ್ಲೆಕ್ಸ್ ಬಂತು. ಉಳಿದ ಆಟಗಾರರಿಗೆ ಆ ಫ್ಲೆಕ್ಸ್‌ನಿಂದ ಏನು ಸಿಕ್ಕಿತು? ಸರ್ಟಿಫಿಕೇಟ್ ಸಿಗಲಿಲ್ಲ. ದಾಖಲೆ ನೋಡದೆ ಹೆಸರು ಕಳಿಸಿದವರು ಯಾರು ಎಂಬ ಪ್ರಶ್ನೆ ಮಾತ್ರ ಫ್ಲೆಕ್ಸ್ ಹಿಂದೆ ಮುಚ್ಚಿಹೋಯಿತು. ಸುಳ್ಳು ಬಿರುದಿನ ನಿಜವಾದ ನಷ್ಟ ಇದೇ. ತಪ್ಪು ಮಾಡಿದವರು ಸಂಭ್ರಮದಲ್ಲಿ ತಪ್ಪಿಸಿಕೊಳ್ಳುತ್ತಾರೆ, ಮುಂದಿನ ವರ್ಷದ ತಂಡ ಅದೇ ಗುಂಡಿಗೆ ಬೀಳುತ್ತದೆ.

ನಮ್ಮ ಕಾಲೇಜಿನ ಕ್ರೀಡಾ ಸಮಿತಿಗೆ ಎರಡು ವಿನಂತಿ. ಟೂರ್ನಿಗೆ ಹೆಸರು ಕಳಿಸುವ ಮೊದಲು ಎಲ್ಲ ಆಟಗಾರರ ದಾಖಲೆಗಳನ್ನು ಕ್ಯಾಪ್ಟನ್ ಎದುರಿಗೇ ಪರಿಶೀಲಿಸಿ, ಇಬ್ಬರೂ ಸಹಿ ಹಾಕಲಿ. ಗೌರವ ಫಲಕದಲ್ಲಿ ಆಡಿ ಗೆದ್ದದ್ದನ್ನಷ್ಟೇ ಬರೆಯಲಿ; ಹೊರಗಿಟ್ಟ ವರ್ಷವಿದ್ದರೆ ಅದನ್ನೂ ಬರೆಯಲಿ. ಆ ಸಾಲನ್ನು ಓದುವ ಜೂನಿಯರ್‌ಗಳು ಹೆಸರು ಕಳಿಸುವ ಮೊದಲು ದಾಖಲೆಯನ್ನು ಇನ್ನೊಮ್ಮೆ ನೋಡುತ್ತಾರೆ.