ಬೋಲ್ಟಿನ ತಲೆ ನೋಡಿ ಕೊಳ್ಳೋಣ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಕಬ್ಬು ಹೇರಿದ ಟ್ರೇಲರು, ತೊಗರಿ ಒಕ್ಕುವ ಯಂತ್ರ. ನಮ್ಮಲ್ಲಿ ಅಡಿಕೆ ಸುಲಿಯುವ ಯಂತ್ರ, ಕಾಫಿ ಪಲ್ಪರು. ಬೆಳೆ ಬೇರೆಯಾದರೂ ಇವನ್ನೆಲ್ಲ ಹಿಡಿದಿಟ್ಟಿರುವುದು ಬೋಲ್ಟುಗಳೇ. ಆದರೂ ನಾವು ಅಳತೆ ಹೇಳಿ ಕೊಂಡು ತರುತ್ತೇವೆಯೇ ಹೊರತು ದರ್ಜೆ ಕೇಳುವುದಿಲ್ಲ.

ಉತ್ತಮ ಬೋಲ್ಟಿನ ತಲೆಯ ಮೇಲೆ ದರ್ಜೆ ಅಚ್ಚಾಗಿರುತ್ತದೆ. 4.6 ಎಂದರೆ ಸಾಧಾರಣ ಉಕ್ಕು. ಚದರ ಮಿಲಿಮೀಟರಿಗೆ ಸುಮಾರು 40 ಕಿಲೋ ಎಳೆತಕ್ಕೆ ತುಂಡಾಗುತ್ತದೆ. 8.8ಕ್ಕೆ ಸುಮಾರು 80 ಕಿಲೋ ಬೇಕು. ಗುರುತಿಲ್ಲದ್ದನ್ನು ಸಾಧಾರಣದ್ದೆಂದೇ ಎಣಿಸಬೇಕು. ಅಂಥದನ್ನು ಟ್ರೇಲರಿನ ಕೊಂಡಿಗೆ ಬಿಗಿದರೆ ನಾಲ್ಕು ಕಾಸಿನ ಉಳಿತಾಯಕ್ಕೆ ಹಿಂದೆ ಬರುವವರ ಪ್ರಾಣವನ್ನೇ ಪಣಕ್ಕಿಟ್ಟಂತೆ.

ಹಾಗೆಂದು ಎಲ್ಲೆಡೆಯೂ ಗಟ್ಟಿಯದೇ ಸರಿಯಲ್ಲ. ಟ್ರ್ಯಾಕ್ಟರಿನ ಗುಂಡಿ ತೋಡುವ ಯಂತ್ರದಲ್ಲಿ ಒಂದು ಬೋಲ್ಟು, ಬಂಡೆ ತಗಲಿದಾಗ ತಾನು ಮುರಿದು ಗೇರ್‌ಬಾಕ್ಸನ್ನು ಉಳಿಸಲೆಂದೇ ಇರುತ್ತದೆ. ಅಲ್ಲಿ ಮೇಲ್ದರ್ಜೆಯದನ್ನು ಹಾಕಿದರೆ ಬೋಲ್ಟು ಉಳಿದು ಗೇರ್‌ಬಾಕ್ಸು ಹೋಗುತ್ತದೆ. ಕೈಪಿಡಿ ಹೇಳಿದ ದರ್ಜೆಯೇ ಅಲ್ಲಿ ಸರಿ.

ಸಂಘದ ಮಳಿಗೆಗಳು ಬೋಲ್ಟುಗಳನ್ನು ದರ್ಜೆವಾರು ಬೇರೆ ಡಬ್ಬಿಗಳಲ್ಲಿ, ಅದೇ ದರ್ಜೆಗೆ ಹೊಂದುವ ನಟ್ಟುಗಳೊಡನೆ ಇಡಲಿ ಎಂಬುದು ನಮ್ಮ ಸಲಹೆ. ಸದಸ್ಯ ಬಂಧುಗಳು ಇನ್ನು ಮುಂದೆ ತಲೆ ನೋಡಿಯೇ ಕೊಳ್ಳಲಿ.